ಮೂವತ್ತೆರಡು ಲಾಟು

ಏಪ್ರಿಲ್ ಕೊನೆಯ ಶುಕ್ರವಾರ, ಬೆಳಗಿನ ಐದೂವರೆ.
ಶಿಡ್ಲಘಟ್ಟದಲ್ಲಿ ಇನ್ನೂ ಬಾಯ್ಲರು ಹೊತ್ತಿಲ್ಲ,
ನಿನ್ನೆ ಬೇಯಿಸಿದ ಹುಳದ ವಾಸನೆ ಮಾತ್ರ
ಮೋರಿಯ ಉದ್ದಕ್ಕೂ ಎದ್ದು ಕೂತಿದೆ.
ಉಪ್ಪಿನ ಡಬ್ಬಕ್ಕೆ ಒರಗಿಸಿಟ್ಟ ನನ್ನ ಫೋನು;
ಅದರೊಳಗೆ ಅಮೆರಿಕದಲ್ಲಿ ಇನ್ನೂ ಗುರುವಾರದ ರಾತ್ರಿ.

ಆಟ ಗೊತ್ತಿಲ್ಲ ನನಗೆ. ಒಂದು ಮ್ಯಾಚೂ ಪೂರ್ತಿ ನೋಡಿದವನಲ್ಲ.
ಇವತ್ತು ಆಟವೂ ಇಲ್ಲ, ಬರೀ ಆಯ್ಕೆ:
ಮೂವತ್ತೆರಡು ಸರದಿ, ಸರದಿಗೊಬ್ಬ ಹುಡುಗ.
ಎತ್ತರ, ತೂಕ, ನಲವತ್ತು ಗಜಕ್ಕೆ ಎಷ್ಟು ಸೆಕೆಂಡು,
ಅಂಗೈ ಎಷ್ಟು ಇಂಚು (ಅಂಗೈಯನ್ನೂ ಅಳೆದಿದ್ದಾರೆ).
ರೆಂಡಿಟ್ಟ ಲೆಕ್ಕ ಹಾಕಿ ಲಾಟು ಹಿಡಿಯುವವನಿಗೆ
ಅಷ್ಟು ಧಾರಾಳ.

ಗಂಗುಲಪ್ಪನ ಹತ್ತಿರ ಕಟ್ಟಿದ್ದೇನೆ ಐದು ಸಾವಿರ:
ಚೆಂಡು ಎಸೆಯುವ ಆ ಗಿಡ್ಡ ಹುಡುಗ ಹತ್ತರೊಳಗೆ ಹೋಗುತ್ತಾನೆ.
ಅವನ ಹೆಸರು ನಮ್ಮ ಬಾಯಲ್ಲಿ ತಿರುಗದು,
ಪಿಳ್ಳಪ್ಪ ಅಂತ ಇಟ್ಟಿದ್ದೇವೆ.
ಗಂಗುಲಪ್ಪ ಮಾರ್ಕೆಟ್ಟಿನಲ್ಲಿ ತೂಕದವನು. ತೂಗಿ ತೂಗಿ
ಅವನ ಮುಖವೂ ಈಗ ಯಾವ ಕಡೆಗೂ ವಾಲುವುದಿಲ್ಲ.
"ಹೋಗಲ್ಲ ಬಿಡಣ್ಣ" ಅಂದ, ಬರೆದುಕೊಂಡ.

ಬಾಬಾಜಾನ್ ಮಸೀದಿಯಿಂದ ನೇರ ಬಂದ, ಟೋಪಿ ಜೇಬಿಗಿಟ್ಟ.
"ಕಟ್ಟೋದು ಹರಾಮ್. ನೋಡೋದಕ್ಕೇನು?"
ಗೋಣಿ ಎಳೆದು ಕೂತ.
ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗಿನ ಹುಳ ಇದೆಯೋ ಕರಗಿದೆಯೋ
ಹೇಳುವ ಕೈ ಅದು.
ಪರದೆಯ ಮೇಲೆ ಚೆಂಡು ತೋರಿಸಿದರು. ನಕ್ಕುಬಿಟ್ಟ:
"ಲೇ, ಇದು ಗೂಡಲ್ವೇನೋ!
ಯಾರೋ ಕಂದು ಬಣ್ಣ ಬಳಿದು,
ನೂಲು ಬಿಚ್ಚೋಕೆ ಬರದೆ ಮೇಲೆ ಹೊಲಿಗೆ ಹಾಕಿದ್ದಾರೆ."

ಒಂದನೇ ಹೆಸರು. ಬಂಡೆಯಂಥವನು ಎದ್ದು ಅಳುತ್ತ ಟೋಪಿ ಹಾಕಿಕೊಂಡ.
ಎರಡು. ಮೂರು. ಒಬ್ಬನ ಅಪ್ಪ ಕುರ್ಚಿ ಬೀಳಿಸಿದ.
ಪಿಳ್ಳಪ್ಪ ಅಜ್ಜಿಯ ಪಕ್ಕ ಕೂತಿದ್ದಾನೆ,
ನೇರಳೆ ಕೋಟು, ಮುಂದೆ ಮುಟ್ಟದ ನೀರಿನ ಲೋಟ.
ಏಳಾಯಿತು. ಎಂಟಾಯಿತು.
ಬಾಬಾಜಾನ್ ಫೋನಿಗೆ ಕಿವಿ ತಂದ, ಸುಮ್ಮನೆ, ಅಭ್ಯಾಸಬಲ.
"ಇವನು ಇವತ್ತು ಹೋಗಲ್ಲ."
"ಯಾಕೆ?"
"ಅಜ್ಜಿ ಕೈ ಬಿಟ್ಟಿಲ್ಲ ನೋಡು. ಅವಳಿಗೆ ಗೊತ್ತಾಗಿದೆ."

ಹತ್ತು. ಇನ್ಯಾರೋ.
ದುಡ್ಡು ಎಣಿಸಿ ಕೊಟ್ಟೆ. ಗಂಗುಲಪ್ಪ
ಎಂಜಲು ಹಚ್ಚಿ ಮತ್ತೊಮ್ಮೆ ಎಣಿಸಿದ, ತೂಕದವನಲ್ಲವೇ,
ಸ್ನಾನಕ್ಕೆ ಎದ್ದು ಹೋದ.

ನಾನು ಏಳಲಿಲ್ಲ.
ದುಡ್ಡು ಹೋದ ಮೇಲೆ ಆ ಹುಡುಗ ನನಗೆ ಏನೂ ಆಗಬೇಕಿರಲಿಲ್ಲ.
ಹದಿನೈದು, ಹತ್ತೊಂಬತ್ತು. ಸುತ್ತಲಿನ ಮೇಜು ಒಂದೊಂದೇ ಖಾಲಿ.
ಕ್ಯಾಮೆರಾ ಊಜಿ ನೊಣದ ಹಾಗೆ
ಅವನ ಮೇಲೇ ಕೂತು, ಎದ್ದು, ಮತ್ತೆ ಕೂತು.
ಬಾಯ್ಲರು ಹೊತ್ತಿತು. ನೂಲು ತೆಗೆಯುವ ಸರೋಜಮ್ಮ
ಒದ್ದೆ ಕೈಯಲ್ಲೇ ಬಗ್ಗಿ ನೋಡಿದಳು:
"ಯಾರಣ್ಣ ಈ ಮಗು? ನಿಮ್ಮ ಕಡೆಯವರಾ?"
ಹೂಂ ಅಂದುಬಿಟ್ಟೆ.

ಮೂವತ್ತೆರಡೂ ಮುಗಿಯಿತು.
ಪಿಳ್ಳಪ್ಪ ಎದ್ದ. ಅಜ್ಜಿಯ ಕೈಗೆ ಕೋಲು ಕೊಟ್ಟ.
ಆ ನೀರನ್ನು ಆಗ ಕುಡಿದ, ಪೂರ್ತಿ.

ಹತ್ತು ಗಂಟೆಗೆ ಗೂಡು ಮಾರ್ಕೆಟ್ಟು.
ಅದೇ ಫೋನು, ಅದೇ ಹೆಬ್ಬೆರಳು.
ದಿಬ್ಬೂರಹಳ್ಳಿಯ ಹೆಂಗಸೊಬ್ಬಳು
ಮೊದಲ ಸುತ್ತಿನ ದರ ಬೇಡ ಅಂದು
ಲಾಟಿನ ಪಕ್ಕ ನಿಂತಿದ್ದಳು, ಎರಡನೆಯದಕ್ಕೆ,
ಯಾರ ಮುಖವನ್ನೂ ನೋಡದೆ.
ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ.
ಐದು ರೂಪಾಯಿ ಮೇಲೆ ಒತ್ತಿದೆ.
ಧರ್ಮಕ್ಕಲ್ಲ. ಗೂಡು ಗಟ್ಟಿಯಿತ್ತು.

ನಾಳೆ ಬೆಳಿಗ್ಗೆ ನಾಲ್ಕೂವರೆಗೆ ಅಲ್ಲಿಯೂ ಎರಡನೇ ಸುತ್ತಂತೆ.
ಅಲಾರಂ ಇಟ್ಟಿದ್ದೇನೆ.
ಗಂಗುಲಪ್ಪನಿಗೆ ಹೇಳಿಲ್ಲ.